ಒಪ್ಪಂದ ಮುಗಿದ ಡಿಫೆಂಡರ್ ಯಾವ ಕ್ಲಬ್ ಸೇರುತ್ತಾರೆ? ಮೊದಲು ಖಾಲಿ ಜಾಗ ನೋಡಿ

ಪ್ರಶ್ನೆ: ಫುಟ್‌ಬಾಲ್‌ನ ಹೆಸರಾಂತ ಡಿಫೆಂಡರ್ (ರಕ್ಷಣಾ ಸಾಲಿನ ಆಟಗಾರ) ಒಬ್ಬರ ಒಪ್ಪಂದ ಜೂನ್‌ನಲ್ಲಿ ಮುಗಿಯುತ್ತದೆ ಎಂದ ಕೂಡಲೇ ಐದಾರು ದೊಡ್ಡ ಕ್ಲಬ್‌ಗಳ ಹೆಸರು ಸುದ್ದಿಯಲ್ಲಿ ಓಡಾಡಲು ಶುರುವಾಗುತ್ತವೆ. ಅವರು ಕೊನೆಗೆ ಎಲ್ಲಿ ಸಹಿ ಹಾಕುತ್ತಾರೆ ಎಂಬುದನ್ನು ನಮ್ಮಂಥ ಸಾಮಾನ್ಯ ಅಭಿಮಾನಿಗಳು ಮೊದಲೇ ಅಂದಾಜು ಮಾಡಲು ಸಾಧ್ಯವೇ? ಹಳೆಯ ಕ್ಲಬ್‌ಗೆ ಕೊಡಬೇಕಾದ ವರ್ಗಾವಣೆ ಶುಲ್ಕವೇ ಇಲ್ಲದಿದ್ದಾಗ ಎಲ್ಲ ಕ್ಲಬ್‌ಗಳೂ ಅವರನ್ನು ಕರೆದುಕೊಳ್ಳಲು ಏಕೆ ಮುಂದಾಗುವುದಿಲ್ಲ? ಭಾರತದಲ್ಲೂ ಇದೇ ರೀತಿ ನಡೆಯುತ್ತದೆಯೇ?

ಉತ್ತರ: ಅಂದಾಜು ಮಾಡಲು ಖಂಡಿತ ಸಾಧ್ಯವಿದೆ, ಮತ್ತು ಅದಕ್ಕೆ ಒಳಗಿನವರ ಪರಿಚಯವಾಗಲಿ, ಏಜೆಂಟರ ದೂರವಾಣಿ ಸಂಖ್ಯೆಯಾಗಲಿ ಬೇಕಾಗಿಲ್ಲ. ನಾನು ಈ ವಿಷಯವನ್ನು ಗಮನಿಸುತ್ತ ಬಂದಷ್ಟೂ ಒಂದು ಮಾತು ನನಗೆ ಗಟ್ಟಿಯಾಗುತ್ತ ಹೋಗಿದೆ: ಯಾರು ಹೆಚ್ಚು ಹಣ ಕೊಡುತ್ತಾರೆ ಎಂಬುದು ಎರಡನೆಯ ಪ್ರಶ್ನೆ, ಯಾವ ತಂಡದಲ್ಲಿ ಆ ಆಟಗಾರ ನಿಲ್ಲುವ ಜಾಗ ಖಾಲಿಯಿದೆ ಎಂಬುದು ಮೊದಲ ಪ್ರಶ್ನೆ. ಗೋಲು ಹೊಡೆಯುವ ಸ್ಟ್ರೈಕರ್ ಆದರೆ ಒಂದೇ ತಂಡದಲ್ಲಿ ಮೂವರನ್ನು ಇಟ್ಟುಕೊಂಡು ಸರದಿಯ ಮೇಲೆ ಆಡಿಸುವುದುಂಟು. ಡಿಫೆನ್ಸ್‌ನಲ್ಲಿ ಹಾಗಲ್ಲ. ಅಲ್ಲಿ ನಿಲ್ಲುವ ನಾಲ್ವರು ಒಬ್ಬರನ್ನೊಬ್ಬರು ನೋಡದೆಯೇ ಹೆಜ್ಜೆ ಹಾಕುವಷ್ಟು ಹೊಂದಿಕೊಳ್ಳಬೇಕಾಗುವುದರಿಂದ, ಯಾವ ತರಬೇತುದಾರರೂ ಆ ಸಾಲನ್ನು ವಾರಕ್ಕೊಮ್ಮೆ ಕಲಕಲು ಬಯಸುವುದಿಲ್ಲ. ಹೀಗಾಗಿ ತಾರಾ ಡಿಫೆಂಡರ್‌ಗೆ ನಿಜವಾಗಿ ತೆರೆದಿರುವ ಬಾಗಿಲುಗಳು ಸುದ್ದಿಯಲ್ಲಿ ಕಾಣುವುದಕ್ಕಿಂತ ಬಹಳ ಕಡಿಮೆ; ಸಾಮಾನ್ಯವಾಗಿ ಎರಡು, ಹೆಚ್ಚೆಂದರೆ ಮೂರು.

ಒಪ್ಪಂದ ಮುಗಿದ ಮೇಲೆ ಶುಲ್ಕವಿಲ್ಲದೆ ಕ್ಲಬ್ ಬದಲಿಸುವ ಈ ಸ್ವಾತಂತ್ರ್ಯ ಎಲ್ಲಿಂದ ಬಂತು ಎಂಬುದನ್ನು ಮೊದಲು ಸ್ವಲ್ಪ ಹೇಳಬೇಕು. 1990ರಲ್ಲಿ ಬೆಲ್ಜಿಯಂನ ಲಿಯೇಜ್ ಕ್ಲಬ್‌ನಲ್ಲಿದ್ದ ಜಾನ್-ಮಾರ್ಕ್ ಬೋಸ್ಮನ್ ಅವರ ಒಪ್ಪಂದ ಮುಗಿದಿತ್ತು. ಫ್ರಾನ್ಸಿನ ಡಂಕರ್ಕ್ ಕ್ಲಬ್ ಸೇರಲು ಅವರು ಬಯಸಿದರು. ಆದರೆ ಒಪ್ಪಂದ ಮುಗಿದ ಮೇಲೂ ಹಳೆಯ ಕ್ಲಬ್ ಶುಲ್ಕ ಕೇಳಬಹುದು ಎಂಬ ಅಂದಿನ ಪದ್ಧತಿಯಿಂದಾಗಿ ಅವರು ಅತ್ತ ಹೋಗಲೂ ಆಗದೆ, ಇತ್ತ ಹಳೆಯ ಸಂಬಳ ಪಡೆಯಲೂ ಆಗದೆ ನಡುವೆ ಸಿಕ್ಕಿಕೊಂಡರು. ಐದು ವರ್ಷಗಳ ನ್ಯಾಯಾಲಯದ ಹೋರಾಟದ ಬಳಿಕ, 1995ರ ಡಿಸೆಂಬರ್ 15ರಂದು ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಇಂದು ಕೋಟಿಗಟ್ಟಲೆ ಗಳಿಸುವ ಪ್ರತಿಯೊಬ್ಬ ಫ್ರೀ ಏಜೆಂಟ್‌ಗೂ, ಅಂದರೆ ಒಪ್ಪಂದ ಮುಗಿದು ಸ್ವತಂತ್ರರಾದ ಆಟಗಾರರಿಗೂ, ಆ ದಾರಿ ತೆರೆದುಕೊಟ್ಟವರು ಸ್ವತಃ ದೊಡ್ಡ ಆಟಗಾರರಾಗಿ ಬೆಳೆಯಲೇ ಇಲ್ಲ; ಅವರ ಆಟದ ಒಳ್ಳೆಯ ವರ್ಷಗಳೆಲ್ಲ ಆ ಮೊಕದ್ದಮೆಯಲ್ಲೇ ಕಳೆದುಹೋದವು ಎಂಬುದು ನನಗೆ ಪ್ರತಿ ಸಲವೂ ಬೇಸರ ತರುವ ಸಂಗತಿ.

ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ನಿಯಮದಂತೆ, ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಆಟಗಾರರು ಬೇರೊಂದು ಕ್ಲಬ್‌ನೊಂದಿಗೆ ಮುಂಗಡವಾಗಿ ಒಪ್ಪಂದ ಮಾಡಿಕೊಳ್ಳಬಹುದು. ಯುರೋಪಿನ ಒಪ್ಪಂದಗಳು ಸಾಮಾನ್ಯವಾಗಿ ಜೂನ್ 30ಕ್ಕೆ ಮುಗಿಯುವುದರಿಂದ ಜನವರಿ 1 ಬಂತೆಂದರೆ ಮಾತುಕತೆಗೆ ಬಾಗಿಲು ತೆರೆದಂತೆ. ಆದರೆ ಇಲ್ಲಿ ಬಹಳ ಜನ ಗಮನಿಸದ ಒಂದು ಅಂಶವಿದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಟಗಾರರೊಬ್ಬರೊಂದಿಗೆ ಜನವರಿಯಲ್ಲೇ ಮಾತನಾಡುವ ಈ ಅನುಕೂಲ ಇರುವುದು ಹೊರದೇಶದ ಕ್ಲಬ್‌ಗಳಿಗೆ. ಅದೇ ಲೀಗಿನ ಎದುರಾಳಿ ಕ್ಲಬ್‌ಗಳು ಋತು ಮುಗಿಯುವ ಹೊತ್ತಿನವರೆಗೆ ಕಾಯಬೇಕು. ಸ್ಪೇನಿನ ಕ್ಲಬ್‌ಗೆ ಇದರಿಂದ ನಾಲ್ಕೈದು ತಿಂಗಳ ಮುನ್ನಡೆ ಸಿಗುತ್ತದೆ. ಲಿವರ್‌ಪೂಲ್ ಅಥವಾ ಚೆಲ್ಸಿಯ ಡಿಫೆಂಡರ್ ಒಬ್ಬರನ್ನು ಮ್ಯಾಂಚೆಸ್ಟರ್‌ನ ಕ್ಲಬ್‌ಗಳು ಎಳೆದುಕೊಳ್ಳುತ್ತವೆ ಎಂದು ಫೆಬ್ರವರಿಯಲ್ಲಿ ಬರುವ ಸುದ್ದಿಗಳನ್ನು ನಾನು ಅಷ್ಟಾಗಿ ನಂಬದಿರುವುದಕ್ಕೆ ಇದೇ ಕಾರಣ.

ಈಗ ಖಾಲಿ ಜಾಗದ ಮಾತಿಗೆ ಬರೋಣ. ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ ಅವರ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಲಿವರ್‌ಪೂಲ್‌ನಲ್ಲೇ ಹುಟ್ಟಿ, ಆರನೆಯ ವಯಸ್ಸಿನಿಂದ ಅದೇ ಕ್ಲಬ್‌ನಲ್ಲಿ ಬೆಳೆದು, 354 ಪಂದ್ಯಗಳನ್ನು ಆಡಿ, ಉಪನಾಯಕರೂ ಆಗಿದ್ದ ಈ ರೈಟ್‌ಬ್ಯಾಕ್‌ನ (ರಕ್ಷಣಾ ಸಾಲಿನ ಬಲ ಅಂಚಿನ ಆಟಗಾರನ) ಒಪ್ಪಂದ 2025ರ ಜೂನ್‌ನಲ್ಲಿ ಮುಗಿಯುವುದಿತ್ತು. ಅವರು ಸ್ಪೇನಿನ ರಿಯಲ್ ಮ್ಯಾಡ್ರಿಡ್‌ಗೆ ಹೋಗುತ್ತಾರೆ ಎಂಬುದು ನನ್ನ ಮಟ್ಟಿಗೆ ಖಚಿತವಾದದ್ದು 2024ರ ಅಕ್ಟೋಬರ್ 5ರಂದು. ಅಂದು ಅವರು ಏನೂ ಹೇಳಲಿಲ್ಲ, ಯಾವ ಏಜೆಂಟರೂ ಬಾಯಿ ಬಿಡಲಿಲ್ಲ. ವಿಯ್ಯಾರಿಯಲ್ ವಿರುದ್ಧದ ಪಂದ್ಯದ ಕೊನೆಯ ಹೊತ್ತಿನಲ್ಲಿ ಮ್ಯಾಡ್ರಿಡ್‌ನ ರೈಟ್‌ಬ್ಯಾಕ್ ಡಾನಿ ಕಾರ್ವಹಾಲ್ ಅವರ ಮೊಣಕಾಲಿನ ಅಸ್ಥಿಬಂಧ ಹರಿದು, ಆ ಋತುವೇ ಅವರ ಪಾಲಿಗೆ ಮುಗಿದುಹೋಯಿತು. ಅವರಿಗಾಗಲೇ 32 ವರ್ಷ. ಅವರ ಬದಲಿಗೆ ನಿಂತ ಲೂಕಾಸ್ ವಾಸ್ಕೆಸ್ ಮೂಲತಃ ವಿಂಗರ್ (ಅಂಚಿನಿಂದ ದಾಳಿ ಮಾಡುವವರು), ಆಗಾಗ ಆ ಜಾಗ ತುಂಬಿದ ಫೆಡೆರಿಕೊ ವಾಲ್ವೆರ್ಡೆ ಮಿಡ್‌ಫೀಲ್ಡರ್. ಜಗತ್ತಿನ ಅತಿ ದೊಡ್ಡ ಕ್ಲಬ್‌ನಲ್ಲಿ ರೈಟ್‌ಬ್ಯಾಕ್ ಕೆಲಸವನ್ನು ಇಬ್ಬರು ಬೇರೆ ಜಾಗದ ಆಟಗಾರರು ತೇಪೆ ಹಾಕಿ ನಡೆಸುತ್ತಿದ್ದಾಗ, ಜಗತ್ತಿನ ಹೆಸರಾಂತ ರೈಟ್‌ಬ್ಯಾಕ್ ಒಬ್ಬರ ಒಪ್ಪಂದ ಒಂಬತ್ತು ತಿಂಗಳಲ್ಲಿ ಮುಗಿಯುವುದಿತ್ತು. ಉಳಿದದ್ದೆಲ್ಲ ಕಾಗದಪತ್ರದ ಕೆಲಸ.

2025ರ ಮೇ 5ರಂದು ಅವರು ಲಿವರ್‌ಪೂಲ್ ತೊರೆಯುವುದಾಗಿ ಪ್ರಕಟಿಸಿದರು. ಮೇ 30ರಂದು ಮ್ಯಾಡ್ರಿಡ್ 2031ರವರೆಗಿನ ಒಪ್ಪಂದವನ್ನು ಘೋಷಿಸಿತು. ಇಲ್ಲಿ ಕುತೂಹಲದ ಸಂಗತಿಯೆಂದರೆ, ಜೂನ್ 30ರವರೆಗೆ ಕಾದಿದ್ದರೆ ಒಂದು ಯೂರೊ ಕೂಡ ಕೊಡಬೇಕಾಗಿರದ ಆಟಗಾರನಿಗಾಗಿ ಮ್ಯಾಡ್ರಿಡ್ ಸುಮಾರು 1 ಕೋಟಿ ಯೂರೊ ಕೊಟ್ಟು ಒಂದು ತಿಂಗಳು ಮೊದಲೇ ಬಿಡಿಸಿಕೊಂಡಿತೆಂದು ವರದಿಯಾಯಿತು. ಜೂನ್ 14ರಿಂದ ಅಮೆರಿಕದಲ್ಲಿ ಕ್ಲಬ್ ವಿಶ್ವಕಪ್ ಶುರುವಾಗುವುದಿತ್ತು, ಆ ಟೂರ್ನಿಗೆ ರೈಟ್‌ಬ್ಯಾಕ್ ಬೇಕಾಗಿತ್ತು. ಖಾಲಿ ಜಾಗಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಇದಕ್ಕಿಂತ ನೇರವಾಗಿ ತೋರಿಸುವ ಲೆಕ್ಕ ನನಗೆ ಗೊತ್ತಿಲ್ಲ.

ಖಾಲಿ ಜಾಗ ಎಂದರೆ ಬರೀ ‘ಡಿಫೆನ್ಸ್‌ನಲ್ಲಿ ಒಬ್ಬರು ಬೇಕು’ ಎಂಬುದಲ್ಲ. ಎಡವೋ ಬಲವೋ, ಯಾವ ಕಾಲಿನವರು, ಎಂಬಷ್ಟು ಸೂಕ್ಷ್ಮವಾಗಿ ಅದನ್ನು ನೋಡಬೇಕಾಗುತ್ತದೆ. ಡೇವಿಡ್ ಅಲಾಬಾ ಅವರ ವಿಷಯದಲ್ಲಿ ಹೀಗೇ ಆಯಿತು. ವಿಯೆನ್ನಾದ ಈ ಆಟಗಾರ 2008ರಿಂದ ಜರ್ಮನಿಯ ಬಯರ್ನ್ ಮ್ಯೂನಿಕ್‌ನಲ್ಲಿದ್ದರು. ಬಹುಕಾಲ ಲೆಫ್ಟ್‌ಬ್ಯಾಕ್ ಆಗಿ ಆಡಿ, 2019ರ ಶರತ್ಕಾಲದಲ್ಲಿ ಸಹ ಆಟಗಾರರು ಗಾಯಗೊಂಡಾಗ ಸಾಲಿನ ನಡುವಿನ ಸೆಂಟರ್‌ಬ್ಯಾಕ್ ಜಾಗಕ್ಕೆ ಸರಿದು, ಮರುವರ್ಷ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದರು. ಎಡಗಾಲಿನ ಸೆಂಟರ್‌ಬ್ಯಾಕ್ ಏಕೆ ಅಷ್ಟು ಅಪರೂಪದ ಸೊತ್ತು ಎಂಬುದನ್ನು ಮೈದಾನದಲ್ಲೇ ನೋಡಿ ತಿಳಿಯಬೇಕು. ಗೋಲ್‌ಕೀಪರ್ ಚೆಂಡನ್ನು ಎಡಗಡೆಯ ಸೆಂಟರ್‌ಬ್ಯಾಕ್‌ಗೆ ತಳ್ಳುತ್ತಾರೆ, ಎದುರಾಳಿ ಸ್ಟ್ರೈಕರ್ ಒಳಗಿನಿಂದ ನುಗ್ಗಿ ಬರುತ್ತಾರೆ. ಬಲಗಾಲಿನವರಾದರೆ ಚೆಂಡನ್ನು ಒದೆಯಲು ಮೈಯನ್ನು ಒಳಕ್ಕೆ, ಅಂದರೆ ನುಗ್ಗಿ ಬರುವವರ ಕಡೆಗೇ ತಿರುಗಿಸಬೇಕು. ಪಾಸ್ ಮೈದಾನದ ಗಿಜಿಗುಡುವ ನಡುಭಾಗಕ್ಕೆ ಹೋಗುತ್ತದೆ. ಎಡಗಾಲಿನವರು ಅದೇ ಚೆಂಡನ್ನು ಸ್ಟ್ರೈಕರ್‌ನಿಂದ ದೂರವಿರುವ ಕಾಲಿನಲ್ಲಿ ನಿಲ್ಲಿಸಿ, ತಲೆ ಎತ್ತಿ, ಪಕ್ಕದ ಗೆರೆಯಗುಂಟ ಮುಂದಿರುವ ವಿಂಗರ್‌ಗೆ ಒಂದೇ ಹೊಡೆತದಲ್ಲಿ ಮುಟ್ಟಿಸುತ್ತಾರೆ. ಅರ್ಧ ಸೆಕೆಂಡಿನ ವ್ಯತ್ಯಾಸ ಅಷ್ಟೆ, ಆದರೆ ಆ ಅರ್ಧ ಸೆಕೆಂಡಿನಲ್ಲಿ ಇಡೀ ತಂಡದ ದಾಳಿಯ ದಿಕ್ಕು ತೀರ್ಮಾನವಾಗುತ್ತದೆ.

2020ರ ನವೆಂಬರ್ ಆರಂಭದಲ್ಲಿ, ಸಂಬಳದ ಮಾತುಕತೆ ಮುರಿದುಬಿದ್ದು, ಬಯರ್ನ್ ತನ್ನ ಪ್ರಸ್ತಾವವನ್ನು ಬಹಿರಂಗವಾಗಿಯೇ ಹಿಂತೆಗೆದುಕೊಂಡಿತು. 2021ರ ಫೆಬ್ರವರಿ ಮಧ್ಯದಲ್ಲಿ ಅದು ಲೈಪ್ಜಿಗ್‌ನಿಂದ ದಾಯೊ ಉಪಾಮೆಕಾನೊ ಅವರನ್ನು ಕೊಳ್ಳುವುದಾಗಿ ಪ್ರಕಟಿಸಿತು, ಎರಡು ದಿನಗಳ ಬಳಿಕ ಅಲಾಬಾ ತಾವು ಹೊರಡುವುದಾಗಿ ಹೇಳಿದರು. ಅತ್ತ ಮ್ಯಾಡ್ರಿಡ್‌ನಲ್ಲಿ ಎಡಭಾಗದ ಸೆಂಟರ್‌ಬ್ಯಾಕ್ ಜಾಗ 16 ವರ್ಷಗಳಿಂದ ಕ್ಲಬ್‌ನಲ್ಲಿದ್ದ ನಾಯಕ ಸೆರ್ಹಿಯೊ ರಾಮೋಸ್ ಅವರದು, ಮತ್ತು ಅವರ ಒಪ್ಪಂದವೂ ಅದೇ ಜೂನ್‌ಗೆ ಮುಗಿಯುವುದಿತ್ತು. ಮೇ 28ರಂದು ಅಲಾಬಾ ಅವರ ಐದು ವರ್ಷಗಳ ಒಪ್ಪಂದ ಪ್ರಕಟವಾಯಿತು, ಜೂನ್ 17ರಂದು ರಾಮೋಸ್ ಕಣ್ಣೀರು ಹಾಕುತ್ತ ವಿದಾಯ ಹೇಳಿದರು, ಅವರ 4ನೇ ಸಂಖ್ಯೆಯ ಅಂಗಿ ಅಲಾಬಾ ಅವರ ಮೈಮೇಲೆ ಬಂತು. ಮರುವರ್ಷ ಮಾರ್ಚ್‌ನಲ್ಲಿ ಪ್ಯಾರಿಸ್ ಸೇಂಟ್-ಜರ್ಮೇನ್ ವಿರುದ್ಧ ಕರೀಮ್ ಬೆಂಜೆಮಾ ಹ್ಯಾಟ್ರಿಕ್ ಬಾರಿಸಿದಾಗ, ಮೈದಾನದ ಅಂಚಿನಲ್ಲಿದ್ದ ಬಿಳಿ ಕುರ್ಚಿಯೊಂದನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದು ಕೂಗುತ್ತಿದ್ದ ಅಲಾಬಾ ಅವರ ಚಿತ್ರವನ್ನು ನೀವು ನೋಡಿರಬಹುದು. ಒಂಬತ್ತು ತಿಂಗಳ ಹಿಂದಷ್ಟೇ ಬಂದವರು ಅಷ್ಟರಲ್ಲೇ ಆ ಮನೆಯವರಾಗಿದ್ದರು.

ಆದರೆ ಒಂದೇ ಕೀಲಿಯಿಂದ ಎಲ್ಲ ಬೀಗಗಳೂ ತೆರೆಯುವುದಿಲ್ಲ. ಕೆಲವೊಮ್ಮೆ ಹೊಸ ಮನೆಯ ಬಾಗಿಲು ತೆರೆಯುವುದಕ್ಕಿಂತ ಹಳೆಯ ಮನೆಯ ಬಾಗಿಲು ಮುಚ್ಚುವುದೇ ಮುಖ್ಯವಾಗುತ್ತದೆ. ಚೆಲ್ಸಿಯ ಆಂಟೋನಿಯೊ ರೂಡಿಗರ್ ಅವರ ಒಪ್ಪಂದ 2022ರ ಜೂನ್‌ನಲ್ಲಿ ಮುಗಿಯುವುದಿತ್ತು, ಮಾತುಕತೆ ಕುಂಟುತ್ತ ಸಾಗಿತ್ತು. ಉಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ ಮಾರ್ಚ್ 10ರಂದು ಬ್ರಿಟಿಷ್ ಸರ್ಕಾರ ಕ್ಲಬ್‌ನ ಮಾಲೀಕ ರೋಮನ್ ಅಬ್ರಮೊವಿಚ್ ಅವರ ಆಸ್ತಿಯನ್ನು ಸ್ತಂಭನಗೊಳಿಸಿತು. ಕ್ಲಬ್ ಪಂದ್ಯಗಳನ್ನು ಆಡಬಹುದಿತ್ತು, ಆದರೆ ಯಾರಿಗೂ ಹೊಸ ಒಪ್ಪಂದ ಕೊಡುವಂತಿರಲಿಲ್ಲ. ಹೊಸ ಮಾಲೀಕರು ಕ್ಲಬ್ಬನ್ನು ವಶಕ್ಕೆ ಪಡೆದದ್ದು ಮೇ ಕೊನೆಗೆ. ಅಷ್ಟು ದಿನ 29ರ ಹರೆಯದ, ಬದುಕಿನ ದೊಡ್ಡ ಒಪ್ಪಂದಕ್ಕೆ ಬಹುಶಃ ಕೊನೆಯ ಅವಕಾಶವಿರುವ ಆಟಗಾರ ಕೈಕಟ್ಟಿ ಕುಳಿತಿರಲು ಸಾಧ್ಯವಿರಲಿಲ್ಲ. ಜೂನ್ 2ರಂದು ಮ್ಯಾಡ್ರಿಡ್ ಅವರನ್ನು ನಾಲ್ಕು ವರ್ಷಗಳಿಗೆ ತೆಗೆದುಕೊಂಡಿತು. ಚೆಲ್ಸಿಯಲ್ಲಿ ಅವರ ಪಕ್ಕದಲ್ಲಿ ಆಡುತ್ತಿದ್ದ ಆಂಡ್ರೆಯಾಸ್ ಕ್ರಿಸ್ಟೆನ್‌ಸನ್ ಅದೇ ಬೇಸಿಗೆಯಲ್ಲಿ ಬಾರ್ಸಿಲೋನಾಗೆ ಹೋದರು. ಒಂದೇ ತಂಡದ ಇಬ್ಬರು ಸೆಂಟರ್‌ಬ್ಯಾಕ್‌ಗಳು ಒಂದು ಪೌಂಡ್ ಶುಲ್ಕವೂ ಬಾರದಂತೆ ಹೊರಟುಹೋದದ್ದು ಚೆಲ್ಸಿ ಅಭಿಮಾನಿಗಳಿಗೆ ಎಷ್ಟು ನೋವು ತಂದಿತೆಂಬುದನ್ನು ನಾನು ಬಲ್ಲೆ.

ಕ್ರಿಸ್ಟೆನ್‌ಸನ್ ಅವರ ಹೆಸರು ಬಂದದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಇಲ್ಲೇ ಉತ್ತರಿಸುತ್ತೇನೆ. ಶುಲ್ಕವಿಲ್ಲ ಎಂದ ಮಾತ್ರಕ್ಕೆ ಆಟಗಾರ ಪುಕ್ಕಟೆ ಬಂದಂತಲ್ಲ. ಹಳೆಯ ಕ್ಲಬ್‌ಗೆ ಹೋಗಬೇಕಾಗಿದ್ದ ಹಣದ ಒಂದು ದೊಡ್ಡ ಪಾಲು ಸಹಿ ಮಾಡುವಾಗಿನ ಬೋನಸ್ ಆಗಿ, ಹೆಚ್ಚಿದ ಸಂಬಳವಾಗಿ, ಏಜೆಂಟರ ಕಮಿಷನ್ ಆಗಿ ಆಟಗಾರನ ಕಡೆಗೆ ಹೊರಳುತ್ತದೆ. ಲೆಕ್ಕ ತಿಳಿಯಲು ಹೀಗೆ ಊಹಿಸಿಕೊಳ್ಳಿ: 5 ಕೋಟಿ ಯೂರೊ ಕೊಟ್ಟು ಐದು ವರ್ಷಕ್ಕೆ ಒಬ್ಬ ಡಿಫೆಂಡರನ್ನು ಕೊಂಡರೆ, ಆ ಖರ್ಚನ್ನು ಕ್ಲಬ್ ತನ್ನ ಪುಸ್ತಕದಲ್ಲಿ ವರ್ಷಕ್ಕೆ 1 ಕೋಟಿಯಂತೆ ಹಂಚಿ ಬರೆಯುತ್ತದೆ. ಶುಲ್ಕವಿಲ್ಲದೆ ಬಂದವರಿಗೆ ಆ 1 ಕೋಟಿಯ ಬಹುಭಾಗವನ್ನು ಸಂಬಳದಲ್ಲೇ ಸೇರಿಸಿ ಕೊಡಬಹುದು, ಆದರೂ ಒಟ್ಟು ಹೊರೆ ಕಡಿಮೆಯೇ. ತೊಂದರೆ ಇರುವುದು ಬೇರೆಡೆ. ಹೊಸದಾಗಿ ಬಂದವರ ಸಂಬಳ ಎಷ್ಟೆಂಬುದು ಡ್ರೆಸ್ಸಿಂಗ್ ರೂಮಿನಲ್ಲಿ ಗುಟ್ಟಾಗಿ ಉಳಿಯುವುದಿಲ್ಲ. ವರ್ಷಗಳಿಂದ ಆಡುತ್ತಿರುವ ನಾಯಕನಿಗಿಂತ ಅದು ಹೆಚ್ಚಾದರೆ, ಮುಂದಿನ ಮಾತುಕತೆಯಲ್ಲಿ ಉಳಿದವರೆಲ್ಲ ಅದೇ ಅಂಕಿಯನ್ನು ಮುಂದಿಡುತ್ತಾರೆ. ಬಯರ್ನ್ ಅಲಾಬಾ ಅವರನ್ನು ಬಿಟ್ಟುಕೊಟ್ಟದ್ದು ಹಣವಿಲ್ಲದ್ದರಿಂದಲ್ಲ, ತನ್ನ ಸಂಬಳದ ಶ್ರೇಣಿಯನ್ನು ಕಾಪಾಡಿಕೊಳ್ಳಲು ಎಂಬುದು ನನ್ನ ಅಭಿಪ್ರಾಯ.

ಇದರ ಮೇಲೆ ಲೀಗ್‌ಗಳ ಹಣಕಾಸು ನಿಯಮಗಳಿವೆ. ಸ್ಪೇನಿನ ಲಾ ಲಿಗಾ ಪ್ರತಿ ಕ್ಲಬ್‌ಗೂ ತಂಡದ ವೆಚ್ಚಕ್ಕೆ ಮಿತಿ ಹಾಕುತ್ತದೆ, ಮಿತಿ ಮೀರಿದವರು ಸಹಿ ಮಾಡಿಸಿಕೊಂಡರೂ ಆಟಗಾರರನ್ನು ನೋಂದಾಯಿಸಲಾಗುವುದಿಲ್ಲ. ಕ್ರಿಸ್ಟೆನ್‌ಸನ್ ಅವರಿಗೆ ಆದದ್ದು ಇದೇ: ಜುಲೈನಲ್ಲಿ ಬಾರ್ಸಿಲೋನಾ ಅಂಗಿ ತೊಟ್ಟು ಫೋಟೊ ತೆಗೆಸಿಕೊಂಡವರ ನೋಂದಣಿ ಆದದ್ದು, ಕ್ಲಬ್ ತನ್ನ ಸ್ವತ್ತುಗಳ ಪಾಲನ್ನು ಮಾರಿದ ಮೇಲೆ, ಋತುವಿನ ಮೊದಲ ಪಂದ್ಯದ ಹಿಂದಿನ ದಿನ. ತೆರಿಗೆಯನ್ನೂ ಮರೆಯಬಾರದು. ಇಂಗ್ಲೆಂಡಿನಲ್ಲಿ ಸಂಬಳವನ್ನು ತೆರಿಗೆಗೆ ಮುಂಚಿನ ವಾರದ ಅಂಕಿಯಾಗಿ ಹೇಳುತ್ತಾರೆ, ಇಟಲಿ ಮತ್ತು ಸ್ಪೇನಿನಲ್ಲಿ ಬಹುತೇಕ ತೆರಿಗೆ ಕಳೆದ ವಾರ್ಷಿಕ ಅಂಕಿಯಾಗಿ. ಇವೆರಡನ್ನು ಒಂದೇ ತಕ್ಕಡಿಯಲ್ಲಿಟ್ಟು ‘ಅಲ್ಲಿ ಕಡಿಮೆ, ಇಲ್ಲಿ ಹೆಚ್ಚು’ ಎಂದು ಬರೆಯುವ ವರದಿಗಳು ಓದುಗರನ್ನು ದಾರಿ ತಪ್ಪಿಸುತ್ತವೆ. ಹೊರದೇಶದಿಂದ ಬರುವವರಿಗೆ ಇಟಲಿ ಕೊಡುತ್ತಿದ್ದ ತೆರಿಗೆ ರಿಯಾಯಿತಿ 2023ರ ಕೊನೆಗೆ ನಿಂತುಹೋದ ಬಳಿಕ, ಅಲ್ಲಿನ ಕ್ಲಬ್‌ಗಳಿಗೆ ಅದೇ ಕೈಗೆ ಸಿಗುವ ಸಂಬಳ ಕೊಡಲು ಗಣನೀಯವಾಗಿ ಹೆಚ್ಚು ಖರ್ಚು ತಗಲುತ್ತದೆ. ಸೌದಿ ಅರೇಬಿಯಾದಲ್ಲಿ ಸಂಬಳದ ಮೇಲೆ ಆದಾಯ ತೆರಿಗೆಯೇ ಇಲ್ಲ.

ವಯಸ್ಸಿನ ಮಾತು ಚುಟುಕಾಗಿ ಹೇಳುತ್ತೇನೆ. ಮೂವತ್ತು ದಾಟಿದ ಡಿಫೆಂಡರ್‌ಗೆ ಜಗಳವಿರುವುದು ಸಾಮಾನ್ಯವಾಗಿ ಸಂಬಳದ ಬಗ್ಗೆಯಲ್ಲ, ವರ್ಷಗಳ ಬಗ್ಗೆ. ರಾಮೋಸ್ ಎರಡು ವರ್ಷ ಕೇಳಿದರು, ಮ್ಯಾಡ್ರಿಡ್ ಒಂದೇ ವರ್ಷ ಎಂದಿತು; ಅವರು ಕೊನೆಗೆ ಒಪ್ಪಿಕೊಂಡಾಗ ಪ್ರಸ್ತಾವದ ಗಡುವು ಮುಗಿದಿದೆ ಎಂಬ ಉತ್ತರ ಬಂತೆಂದು ಅವರೇ ಹೇಳಿದ್ದಾರೆ. ಎರಡು ವರ್ಷ ಕೊಟ್ಟ ಪ್ಯಾರಿಸ್‌ಗೆ ಹೋದ ಅವರು ಗಾಯದಿಂದಾಗಿ ನವೆಂಬರ್ ಕೊನೆಯವರೆಗೆ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಇದಕ್ಕೆ ವಿರುದ್ಧವಾಗಿ, 2025ರ ಏಪ್ರಿಲ್‌ನಲ್ಲಿ ಲಿವರ್‌ಪೂಲ್ ತನ್ನ 33 ವರ್ಷದ ನಾಯಕ ವರ್ಜಿಲ್ ವಾನ್ ಡೈಕ್ ಅವರಿಗೆ ಎರಡು ವರ್ಷ ಕೊಟ್ಟಿತು, ಅವರು ಉಳಿದರು. ಆದ್ದರಿಂದ ಹಿರಿಯ ಡಿಫೆಂಡರ್ ಬಗ್ಗೆ ಸುದ್ದಿ ಓದುವಾಗ ‘ಎಷ್ಟು ಹಣ’ ಎಂಬುದಕ್ಕಿಂತ ‘ಎಷ್ಟು ವರ್ಷ’ ಎಂಬುದನ್ನು ಹುಡುಕಿ.

ಹಾಗಾದರೆ ಆ ಐದಾರು ಕ್ಲಬ್‌ಗಳ ಹೆಸರು ಎಲ್ಲಿಂದ ಬರುತ್ತವೆ? ಬಹುಪಾಲು ಅವು ಬೆಲೆ ಏರಿಸಲು ಬರುತ್ತವೆ. ಮೊದಲ ಕ್ಲಬ್‌ನೊಂದಿಗೆ ಮಾತುಕತೆಯಲ್ಲಿರುವ ಏಜೆಂಟ್‌ಗೆ ಎರಡನೆಯ ಕ್ಲಬ್‌ನ ಹೆಸರು ಬೇಕೇ ಬೇಕು. ಮಂಡಿಯಲ್ಲಿ ಒಬ್ಬರೇ ಕೂಗುವವರಿದ್ದರೆ ಹರಾಜು ಏರುವುದಿಲ್ಲವಲ್ಲ. ಹೆಸರು ಬಂದಾಗ ಆ ಕ್ಲಬ್‌ನ ತಂಡದ ಪಟ್ಟಿಯನ್ನು ತೆರೆದು ನೋಡಿ. ಅದೇ ಜಾಗದಲ್ಲಿ ಮೂರು ವರ್ಷಗಳ ಒಪ್ಪಂದ ಬಾಕಿಯಿರುವ 24ರ ಹರೆಯದ ಆಟಗಾರರಿದ್ದರೆ, ಆ ಹೆಸರನ್ನು ಪಕ್ಕಕ್ಕಿಡಬಹುದು.

ಇದರ ನಡುವೆ ನನಗೆ ಹೇಳಲೇಬೇಕೆನಿಸುವ ಇನ್ನೊಂದು ವಿಷಯವಿದೆ. 2025ರ ಮೇ 11ರಂದು, ಲೀಗ್ ಪ್ರಶಸ್ತಿ ಗೆದ್ದ ಎರಡೇ ವಾರಗಳ ಬಳಿಕ, ಆರ್ಸೆನಲ್ ವಿರುದ್ಧದ ಪಂದ್ಯದ ದ್ವಿತೀಯಾರ್ಧದಲ್ಲಿ ಅಲೆಕ್ಸಾಂಡರ್-ಆರ್ನಾಲ್ಡ್ ಮೈದಾನಕ್ಕಿಳಿದಾಗ, ಲಿವರ್‌ಪೂಲ್‌ನ ಮೈದಾನವಾದ ಆನ್‌ಫೀಲ್ಡ್‌ನಲ್ಲಿ ಸ್ವಂತ ಅಭಿಮಾನಿಗಳಲ್ಲಿ ಹಲವರು ಅವರನ್ನು ಹೀಯಾಳಿಸಿ ಕೂಗಿದರು. ಅಭಿಮಾನಿಗಳ ನೋವು ನನಗೆ ಅರ್ಥವಾಗುತ್ತದೆ, ಆದರೆ ಆ ಹೀಯಾಳಿಕೆ ಸರಿಯೆಂದು ಒಪ್ಪಲಾರೆ. ಒಪ್ಪಂದದ ಕೊನೆಯ ಋತುವನ್ನು ಪೂರ್ತಿ ಆಡಿ, ಪ್ರಶಸ್ತಿ ಗೆದ್ದುಕೊಟ್ಟು ಹೋಗುವವರು ಯಾರ ಸಾಲವನ್ನೂ ಉಳಿಸಿಕೊಂಡಿರುವುದಿಲ್ಲ. ಒಪ್ಪಂದದಲ್ಲಿ ಇನ್ನೂ ಎರಡು ವರ್ಷ ಬಾಕಿಯಿದ್ದಾಗಲೇ ಕುಳಿತು ಮಾತನಾಡಿ ಅದನ್ನು ನವೀಕರಿಸುವುದು, ಇಲ್ಲವೇ ಶುಲ್ಕ ಸಿಗುವಾಗ ಮಾರುವುದು ಕ್ಲಬ್‌ನ ಹೊಣೆ.

ಭಾರತದ ವಿಷಯ. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಖಾಲಿ ಜಾಗದ ಲೆಕ್ಕ ಇನ್ನಷ್ಟು ಬಿಗಿಯಾಗಿದೆ. 2021–22ರ ಋತುವಿನಿಂದ ಮೈದಾನದಲ್ಲಿ ಒಂದು ಹೊತ್ತಿಗೆ ನಾಲ್ವರಿಗಿಂತ ಹೆಚ್ಚು ವಿದೇಶಿಯರು ಇರುವಂತಿಲ್ಲ ಎಂಬ ನಿಯಮ ಬಂದ ಮೇಲೆ, ವಿದೇಶಿಯರಲ್ಲಿ ಹೆಚ್ಚಿನವರನ್ನು ಮಿಡ್‌ಫೀಲ್ಡ್ ಮತ್ತು ದಾಳಿಗೆ ಮೀಸಲಿಡಲು ಬಯಸುವ ಕ್ಲಬ್‌ಗಳಿಗೆ ನಂಬಬಹುದಾದ ಭಾರತೀಯ ಸೆಂಟರ್‌ಬ್ಯಾಕ್ ಚಿನ್ನದಂಥವರು. ಅಂಥವರು ದೇಶದಲ್ಲಿ ಕೈಬೆರಳೆಣಿಕೆಯಷ್ಟು ಮಂದಿ ಮಾತ್ರ. 2022ರ ಆಗಸ್ಟ್‌ನಲ್ಲಿ ಸೆಂಟರ್‌ಬ್ಯಾಕ್ ಸಂದೇಶ್ ಜಿಂಗನ್ ಬೆಂಗಳೂರು ಎಫ್‌ಸಿಗೆ ಬಂದದ್ದನ್ನು ಹೀಗೆ ನೋಡಿ. ಬೆಂಗಳೂರಿನ ಡಿಫೆನ್ಸ್‌ನ ನಡುವಿನಲ್ಲಿದ್ದ ಹುವಾನನ್ ಮತ್ತು ರಾಹುಲ್ ಭೆಕೆ ಇಬ್ಬರೂ 2021ರಲ್ಲಿ ಹೊರಟುಹೋಗಿದ್ದರು, ಮರು ಋತುವಿನಲ್ಲಿ ತಂಡ ಆರನೆಯ ಸ್ಥಾನಕ್ಕೆ ತೃಪ್ತಿಪಟ್ಟಿತ್ತು. ಎಟಿಕೆ ಮೋಹನ್ ಬಾಗಾನ್‌ನಿಂದ ಬೇರ್ಪಟ್ಟಿದ್ದ ಜಿಂಗನ್ ಆಗ ಯಾವ ಕ್ಲಬ್‌ನಲ್ಲೂ ಇರಲಿಲ್ಲ. ಅದೇ ಕ್ಲಬ್‌ನ ರಾಯ್ ಕೃಷ್ಣ ಮತ್ತು ಪ್ರಬೀರ್ ದಾಸ್ ಆ ಬೇಸಿಗೆಯಲ್ಲಿ ಮೊದಲೇ ಬೆಂಗಳೂರಿಗೆ ಬಂದಿದ್ದರು. ಸುಮಾರು ಒಂದು ತಿಂಗಳಲ್ಲಿ, ಸೆಪ್ಟೆಂಬರ್ 18ರಂದು, ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ಬೆಂಗಳೂರು ಡ್ಯುರಾಂಡ್ ಕಪ್ ಗೆದ್ದಿತು. ಮರುವರ್ಷ ಮಾರ್ಚ್‌ನಲ್ಲಿ ಗೋವಾದ ಫಾತೋರ್ಡಾದಲ್ಲಿ ಲೀಗ್ ಫೈನಲ್ ತಲುಪಿ, ಜಿಂಗನ್ ಬಿಟ್ಟು ಬಂದಿದ್ದ ಆ ಎಟಿಕೆ ಮೋಹನ್ ಬಾಗಾನ್‌ಗೇ ಪೆನಾಲ್ಟಿಯಲ್ಲಿ ಸೋತಿತು. ಆ ಬೇಸಿಗೆಯಲ್ಲಿ ಜಿಂಗನ್ ಎಫ್‌ಸಿ ಗೋವಾ ಸೇರಿದರು, ಕಂಠೀರವದಲ್ಲಿ ಆ ಜಾಗ ಮತ್ತೆ ತೆರವಾಯಿತು.

ಅದನ್ನು ತುಂಬಲು ಬಂದವರಲ್ಲಿ ಒಬ್ಬರು ಹಳಬರೇ. 2019ರ ಮಾರ್ಚ್ 17ರಂದು ಮುಂಬೈನಲ್ಲಿ, ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ, ಡಿಮಾಸ್ ಡೆಲ್ಗಾಡೊ ಅವರ ಕಾರ್ನರ್‌ಗೆ ತಲೆ ಕೊಟ್ಟು ಬೆಂಗಳೂರಿಗೆ ಮೊದಲ ಲೀಗ್ ಪ್ರಶಸ್ತಿ ತಂದವರು ರಾಹುಲ್ ಭೆಕೆ. 2021ರಲ್ಲಿ ಅವರು ಮುಂಬೈ ಸಿಟಿಗೆ ಹೋಗಿದ್ದರು. ಅಲ್ಲಿನ ಒಪ್ಪಂದ ಮುಗಿದ ಮೇಲೆ, 2024ರ ಬೇಸಿಗೆಯಲ್ಲಿ, ವರ್ಗಾವಣೆ ಶುಲ್ಕವಿಲ್ಲದೆ ಬೆಂಗಳೂರಿಗೇ ಮರಳಿದರು.